ಗ್ರೀಸ್ ಕ್ರೂಸ್: ಮೂರು ರಾತ್ರಿಯೋ, ಏಳು ರಾತ್ರಿಯೋ, ಇಲ್ಲಾ ಸುಮ್ನೆ ಫೆರ್ರಿಯೋ?

ಗ್ರೀಸ್ ಕ್ರೂಸ್ ಹುಡುಕಲು ಕೂತರೆ ಮೊದಲು ಕಣ್ಣಿಗೆ ಬೀಳುವುದು ಬಂದರುಗಳ ಪಟ್ಟಿ. ಒಂದರಲ್ಲಿ ಮೂರು ರಾತ್ರಿಗೆ ಐದು ಬಂದರು. ಇನ್ನೊಂದರಲ್ಲಿ ಏಳು ರಾತ್ರಿಗೆ ಆರು ಬಂದರು. ಮೊದಲನೆಯದೇ ಲಾಭ ಅನ್ನಿಸುತ್ತದೆ, ಅಲ್ವಾ? ದುಡ್ಡೂ ಕಡಿಮೆ, ರಜೆಯೂ ಕಡಿಮೆ. ಆದರೆ ಆ ಪಟ್ಟಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಗಂಟೆಗಳು ಇರುತ್ತವೆ: ಹಡಗು ಬಂದರಿಗೆ ಬರುವ ಹೊತ್ತು, ಬಿಡುವ ಹೊತ್ತು. ಹಳೆಯ ಊರುಗಳನ್ನು, ಪಾಳುಬಿದ್ದ ಗುಡಿಗಳನ್ನು ನೋಡಲೆಂದೇ ಹೋಗುವವರು ಆ ಎರಡು ಗಂಟೆಗಳನ್ನು ನೋಡಿದರೆ ಸಾಕು, ಅರ್ಧ ತೀರ್ಮಾನ ಆದಂತೆಯೇ.

ಯಾಕೆಂದರೆ ಗ್ರೀಸಿನ ದ್ವೀಪದ ಊರುಗಳು ರಾತ್ರಿ ಹನ್ನೊಂದಕ್ಕೂ ತೆರೆದಿರುತ್ತವೆ. ಪುರಾತನ ತಾಣಗಳು ಹಾಗಲ್ಲ. ಅವಕ್ಕೆ ಗೇಟಿದೆ, ಟಿಕೆಟ್ಟಿದೆ, ಬಾಗಿಲು ಹಾಕುವ ಹೊತ್ತಿದೆ. ಸಂಜೆ ಆರಕ್ಕೆ ಬಂದು ನಿಲ್ಲುವ ಹಡಗಿನಿಂದ ಊರು ಸಿಗುತ್ತದೆ, ಪಾಳು ಸಿಗುವುದು ಕಷ್ಟ.

ಮೂರು–ನಾಲ್ಕು ರಾತ್ರಿಯ ಸುತ್ತು

ಅಥೆನ್ಸಿನ ಬಂದರು ಪಿರೇಯಸ್‌ನಿಂದ ಹೊರಡುವ ಮೂರು ರಾತ್ರಿಯ ಸುತ್ತು ಬಹಳ ಹಳೆಯದು, ಬಹಳ ಜನಪ್ರಿಯ. ಸಾಮಾನ್ಯವಾಗಿ ಅದರ ಲೆಕ್ಕ ಹೀಗಿರುತ್ತದೆ. ಮೊದಲ ದಿನ ಹೊರಟು ಸಂಜೆಗೆ ಮೈಕೊನೊಸ್. ಎರಡನೇ ದಿನ ಬೆಳಿಗ್ಗೆ ಟರ್ಕಿಯ ಕುಶಾದಸಿ, ಮಧ್ಯಾಹ್ನದ ಮೇಲೆ ಪಾಟ್ಮೋಸ್. ಮೂರನೇ ದಿನ ಬೆಳಿಗ್ಗೆ ಕ್ರೀಟ್ ದ್ವೀಪದ ಹೆರಾಕ್ಲಿಯಾನ್, ಸಂಜೆ ಸ್ಯಾಂಟೊರಿನಿ. ನಾಲ್ಕನೇ ಬೆಳಿಗ್ಗೆ ಪಿರೇಯಸ್‌ಗೆ ವಾಪಸ್. ನಾಲ್ಕು ರಾತ್ರಿಯದಾದರೆ ಹೆಚ್ಚಾಗಿ ರೋಡ್ಸ್ ಸೇರುತ್ತದೆ.

ಇದರಲ್ಲಿ ಏನು ಸಿಗುತ್ತದೆ ನೋಡಿ. ಕುಶಾದಸಿಯಿಂದ 20 ಕಿ.ಮೀ. ಒಳಗೇ ಎಫೆಸಸ್ ಅನ್ನುವ ಪಾಳುಬಿದ್ದ ಹಳೇ ಪಟ್ಟಣ ಇದೆ, ಅದನ್ನು ಬೆಳಗಿನ ತಂಪಿನಲ್ಲಿ ಚೆನ್ನಾಗಿ ನೋಡಬಹುದು. ಹೆರಾಕ್ಲಿಯಾನ್ ಪಕ್ಕದ ಪುರಾತನ ಕ್ನೊಸೊಸ್ ಅರಮನೆಗೆ ಓಡಿ ಹೋಗಿ ಓಡಿ ಬರಬಹುದು. ಸ್ಯಾಂಟೊರಿನಿಯ ಸೂರ್ಯಾಸ್ತ, ಮೈಕೊನೊಸ್‌ನ ರಾತ್ರಿ ಎರಡೂ ಸಿಗುತ್ತವೆ. ಸಿಗದಿರುವುದು ಡೆಲೋಸ್ ಮತ್ತು ಅಕ್ರೋಟಿರಿ. ನನ್ನ ಕೇಳಿದರೆ ಈಜಿಯನ್ ಸಮುದ್ರದ ಅತಿ ಒಳ್ಳೆಯ ಎರಡು ಪುರಾತನ ತಾಣಗಳು ಅವೇ. ಡೆಲೋಸ್‌ಗೆ ಮೈಕೊನೊಸ್‌ನಿಂದಲೇ ದೋಣಿ ಹತ್ತಬೇಕು, ಹಡಗು ಬರುವ ಹೊತ್ತಿಗೆ ಆ ದಿನದ ದೋಣಿಗಳ ಕಥೆ ಮುಗಿದಿರುತ್ತದೆ. ಅಕ್ರೋಟಿರಿ ಇರುವುದು ಸ್ಯಾಂಟೊರಿನಿಯ ಇನ್ನೊಂದು ತುದಿಯಲ್ಲಿ, ಸಂಜೆ ಇಳಿದು ಮೇಲೆ ಹತ್ತಿ ಅಲ್ಲಿಗೆ ತಲುಪುವಷ್ಟರಲ್ಲಿ ಬಾಗಿಲು ಹಾಕಿರುವ ಸಂಭವವೇ ಜಾಸ್ತಿ.

ಹಾಗಂತ ಈ ಸುತ್ತು ಕೆಟ್ಟದ್ದೇನಲ್ಲ. ಅಥೆನ್ಸಿನಲ್ಲಿ ಮೂರು ದಿನ, ಹಡಗಿನಲ್ಲಿ ಮೂರು ರಾತ್ರಿ ಅಂತ ಸೇರಿಸಿದರೆ ಒಂದು ವಾರದ ರಜೆಗೆ ಹದವಾಗಿ ಕೂರುತ್ತದೆ. ಮೊದಲ ಸಲ ಹೋಗುವವರಿಗೆ, ಯಾವ ದ್ವೀಪಕ್ಕೆ ಮುಂದೆ ಮತ್ತೆ ಬರಬೇಕು ಅಂತ ರುಚಿ ನೋಡುವವರಿಗೆ ಇದು ಸರಿ. ಆದರೆ ದಿನಕ್ಕೆ ಎರಡು ಬಂದರು ಅಂದರೆ ಬೆಳಿಗ್ಗೆ ಆರಕ್ಕೆ ಏಳಬೇಕು, ರಾತ್ರಿ ಹತ್ತಕ್ಕೆ ಹಡಗು ಹತ್ತಬೇಕು. ಇದರಲ್ಲಿ ವಿಶ್ರಾಂತಿ ಹುಡುಕಬೇಡಿ.

ಏಳು ರಾತ್ರಿಯ ದೊಡ್ಡ ಹಡಗು

ಪಿರೇಯಸ್‌ನಿಂದ, ಇಸ್ತಾಂಬುಲ್‌ನಿಂದ, ಇಟಲಿಯ ಬಂದರುಗಳಿಂದ ಹೊರಡುವ ದೊಡ್ಡ ಹಡಗುಗಳು ಸಾಮಾನ್ಯವಾಗಿ ದಿನಕ್ಕೆ ಒಂದೇ ಬಂದರಿನಲ್ಲಿ ನಿಲ್ಲುತ್ತವೆ. ಬೆಳಿಗ್ಗೆ ಏಳು–ಎಂಟಕ್ಕೆ ಬಂದು ಸಂಜೆ ಐದು–ಆರರವರೆಗೆ. ಪಾಳುಗಳಿಗೆ ಇದು ಹೇಳಿ ಮಾಡಿಸಿದ ಹೊತ್ತು. ಮೈಕೊನೊಸ್‌ನಲ್ಲಿ ಹಗಲು ನಿಂತರೆ ಡೆಲೋಸ್ ಆಗುತ್ತದೆ. ಸ್ಯಾಂಟೊರಿನಿಯಲ್ಲಿ ಹಗಲು ನಿಂತರೆ ಅಕ್ರೋಟಿರಿ ಆಗುತ್ತದೆ. ಕೆಲವು ಸುತ್ತುಗಳಲ್ಲಿ ಪಶ್ಚಿಮದ ಕಟಾಕೊಲೊ ಬಂದರೂ ಇರುತ್ತದೆ, ಅದು ಹಳೇ ಒಲಿಂಪಿಕ್ ಕ್ರೀಡೆಗಳು ನಡೆಯುತ್ತಿದ್ದ ಒಲಿಂಪಿಯಾಕ್ಕೆ ಬಾಗಿಲು.

ಇದರ ತೊಂದರೆ ಜನ. ಒಂದೇ ಹಡಗಿನಿಂದ ಮೂರು ಸಾವಿರ ಮಂದಿ ಒಂದೇ ಹೊತ್ತಿಗೆ ಇಳಿಯುತ್ತಾರೆ. ಸ್ಯಾಂಟೊರಿನಿಯಲ್ಲಿ ಇದು ಎಷ್ಟು ಮಿತಿಮೀರಿತ್ತೆಂದರೆ 2025ರಿಂದ ದಿನಕ್ಕೆ 8,000 ಕ್ರೂಸ್ ಪ್ರಯಾಣಿಕರು ಅಂತ ಮಿತಿ ಹಾಕಿದ್ದಾರೆ. ಎಂಟು ಸಾವಿರವೂ ಕಡಿಮೆಯೇನಲ್ಲ. ಅಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ, ಜ್ವಾಲಾಮುಖಿಯ ಬಾಯಲ್ಲಿ ತುಂಬಿಕೊಂಡ ಸಮುದ್ರದ ನಡುವೆ ನಿಲ್ಲುತ್ತದೆ. ಸಣ್ಣ ದೋಣಿಯಲ್ಲಿ ಹಳೇ ಬಂದರಿಗೆ ಬರಬೇಕು. ಅಲ್ಲಿಂದ ಫಿರಾ ಊರು ಇನ್ನೂರು ಮೀಟರಿಗೂ ಮೇಲೆ, ಬಂಡೆಯ ತುದಿಯಲ್ಲಿ. ಹತ್ತಲು ಕೇಬಲ್ ಕಾರ್ ಇದೆ, ಇಲ್ಲವೇ ಸುಮಾರು 600 ಮೆಟ್ಟಿಲು, ಇಲ್ಲವೇ ಕತ್ತೆ. ಕತ್ತೆ ಬೇಡ. ಬಿಸಿಲಲ್ಲಿ ದಿನವಿಡೀ ಭಾರ ಹೊತ್ತು ಅವು ಪಡುವ ಪಾಡು ನೋಡಲಾಗುವುದಿಲ್ಲ. ಮೆಟ್ಟಿಲನ್ನೂ ಅವುಗಳ ಜೊತೆಯೇ ಹಂಚಿಕೊಳ್ಳಬೇಕು, ಕಾಲಡಿ ಲದ್ದಿ ಜಾರುತ್ತದೆ. ಕೇಬಲ್ ಕಾರಿಗೆ ಸಾಲು ನಿಲ್ಲಿ. ಇಳಿಯುವಾಗಲೂ ಸಾಲು ಇರುತ್ತದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ, ಕೊನೆಯ ದೋಣಿಗೆ ಒಂದೂವರೆ ಗಂಟೆ ಮೊದಲೇ ಫಿರಾದಲ್ಲಿರಿ.

ಸಣ್ಣ ಹಡಗು

ಐವತ್ತರಿಂದ ಇನ್ನೂರು ಮಂದಿಯ ಹಡಗುಗಳು ದುಬಾರಿ. ಆದರೆ ಪಾಳುಗಳೇ ನಿಮ್ಮ ಮುಖ್ಯ ಉದ್ದೇಶವಾಗಿದ್ದರೆ ಸರಿಯಾದ ಹಡಗು ಇದೇ. ಇವು ನಾಫ್ಲಿಯೊ, ಇಟೆಯಾ, ಮೊನೆಮ್ವಾಸಿಯಾದಂಥ ಕಡೆ ಹೋಗುತ್ತವೆ. ನಾಫ್ಲಿಯೊದಿಂದ ಪುರಾತನ ಕೋಟೆಯ ಮೈಸೀನೆ ಮತ್ತು ಹಳೇ ರಂಗಮಂದಿರದ ಎಪಿಡಾರಸ್ ಎರಡೂ ಮೂವತ್ತು ಕಿ.ಮೀ. ಆಸುಪಾಸಿನಲ್ಲೇ. ಇಟೆಯಾದಿಂದ ಬೆಟ್ಟ ಹತ್ತಿದರೆ, ಹಿಂದೆ ಜನ ಭವಿಷ್ಯ ಕೇಳಲು ಬರುತ್ತಿದ್ದ ಡೆಲ್ಫಿ. ಕೊರಿಂತ್ ಕಾಲುವೆಯನ್ನು ದಾಟುವ ಸುತ್ತುಗಳೂ ಇವೆ. 1893ರಲ್ಲಿ ತೆರೆದ ಈ ಕಾಲುವೆ ಆರು ಕಿ.ಮೀ.ಗೂ ಸ್ವಲ್ಪ ಹೆಚ್ಚು ಉದ್ದ, ಎರಡೂ ಕಡೆ ಕಲ್ಲಿನ ಗೋಡೆ, ದೊಡ್ಡ ಹಡಗಿಗೆ ಇಲ್ಲಿ ಜಾಗವೇ ಇಲ್ಲ. ಹಡಗಿನಲ್ಲೇ ಪುರಾತತ್ವ ಗೊತ್ತಿರುವ ಮಾರ್ಗದರ್ಶಿ ಇದ್ದಾರೆಯೇ ಅಂತ ಕೇಳಿ. ಇಂಥ ಹಡಗಿಗೆ ಕೊಡುವ ಹೆಚ್ಚಿನ ದುಡ್ಡಿಗೆ ಬೆಲೆ ಸಿಗುವುದು ಅಲ್ಲಿಯೇ.

ಈಗ ಆರಿಸಬೇಕಾದ್ದು ಪಾಳು

ಕ್ರೂಸ್ ಆರಿಸುವ ಮೊದಲು ನಿಮಗೆ ಬೇಕೇಬೇಕಾದ ಎರಡು ಪುರಾತನ ತಾಣ ಆರಿಸಿ. ಎರಡೇ ಸಾಕು. ಆಮೇಲೆ ಅವೆರಡೂ ಹಗಲಲ್ಲಿ ಸಿಗುವ ಹಡಗು ಹುಡುಕಿ. ಎಲ್ಲವೂ ಬೇಕು ಅಂತ ಹೊರಟರೆ ಮೂರನೇ ದಿನಕ್ಕೆ ಕಂಬ ಕಂಡರೆ ಆಕಳಿಕೆ ಬರುತ್ತದೆ.

ನನ್ನ ಮೊದಲ ಆಯ್ಕೆ ಡೆಲೋಸ್. ಮೈಕೊನೊಸ್‌ನ ಹಳೇ ಬಂದರಿನಿಂದ ಅರ್ಧ ಗಂಟೆ ದೋಣಿ. ಐದು ಕಿ.ಮೀ. ಉದ್ದದ, ಒಂದು ಕಿ.ಮೀ. ಚಿಲ್ಲರೆ ಅಗಲದ ಬೋಳು ದ್ವೀಪ. ಅಪೊಲೊ ದೇವರು ಹುಟ್ಟಿದ್ದು ಇಲ್ಲೇ ಅನ್ನುವುದು ಹಳೇ ಗ್ರೀಕರ ನಂಬಿಕೆ. ಅದಕ್ಕೇ ಇದು ಎಷ್ಟು ಪವಿತ್ರ ಆಯಿತೆಂದರೆ ಕ್ರಿ.ಪೂ. 426ರಲ್ಲಿ ಅಥೆನ್ಸಿನವರು ಇಲ್ಲಿದ್ದ ಗೋರಿಗಳನ್ನೆಲ್ಲ ಅಗೆದು ಪಕ್ಕದ ದ್ವೀಪಕ್ಕೆ ಸಾಗಿಸಿಬಿಟ್ಟರು. ಇನ್ನು ಮುಂದೆ ಇಲ್ಲಿ ಯಾರೂ ಹುಟ್ಟಕೂಡದು, ಯಾರೂ ಸಾಯಕೂಡದು ಅಂತ ನಿಯಮ ಮಾಡಿದರು. ಬಸುರಿಯರನ್ನೂ, ಸಾಯುವ ಸ್ಥಿತಿಯಲ್ಲಿದ್ದವರನ್ನೂ ದೋಣಿ ಹತ್ತಿಸಿ ಕಳಿಸುತ್ತಿದ್ದರಂತೆ. ಅದೇ ಪವಿತ್ರ ದ್ವೀಪ ಕ್ರಿ.ಪೂ. 166ರ ನಂತರ ರೋಮನ್ನರು ಸುಂಕ ತೆಗೆದ ಮೇಲೆ ದೊಡ್ಡ ಮಾರುಕಟ್ಟೆಯಾಯಿತು, ಗುಲಾಮರ ಮಾರಾಟಕ್ಕೂ ಕುಖ್ಯಾತವಾಯಿತು. ಕ್ರಿ.ಪೂ. 88ರಲ್ಲಿ ದಾಳಿ, 69ರಲ್ಲಿ ಕಡಲ್ಗಳ್ಳರ ಕೊಳ್ಳೆ. ಅಲ್ಲಿಗೆ ಊರು ಬಿದ್ದದ್ದು ಮತ್ತೆ ಏಳಲೇ ಇಲ್ಲ.

ಹಾಗಾಗಿಯೇ ಇಲ್ಲಿ ಗುಡಿ ಒಂದೇ ಅಲ್ಲ, ಇಡೀ ಊರಿನ ಬೀದಿಗಳು ಉಳಿದಿವೆ. ರಂಗಮಂದಿರದ ಕಡೆ ಹೋಗುವ ಬೀದಿ ಅಷ್ಟೊಂದು ಅಗಲವಿಲ್ಲ. ಕಲ್ಲುಹಾಸಿನ ಕೆಳಗೆ ಚರಂಡಿ ಇದೆ. ಪಕ್ಕದಲ್ಲಿ ಅಂಗಡಿಗಳ ಹೊಸ್ತಿಲು, ಅದನ್ನು ದಾಟಿದರೆ ಮನೆಯ ನಡು ಅಂಗಳ, ಅದರ ಕೆಳಗೆ ಮಳೆನೀರಿನ ತೊಟ್ಟಿ. ಒಂದು ಮನೆಯ ನೆಲದಲ್ಲಿ ಹುಲಿಯ ಮೇಲೆ ಕೂತ, ರೆಕ್ಕೆಯಿರುವ ದ್ರಾಕ್ಷಾರಸದ ದೇವರು ಡಯೊನೈಸಸ್‌ನ ಚಿತ್ರ, ಸಣ್ಣ ಸಣ್ಣ ಕಲ್ಲಿನ ಚೂರುಗಳಿಂದ ಮಾಡಿದ್ದು. ಹುಲಿಯ ಹಲ್ಲು ಬಿಟ್ಟ ಮುಖ ನೋಡಿದರೆ ಮಾಡಿದವನಿಗೆ ಆತುರವೇ ಇರಲಿಲ್ಲ ಅನ್ನುವುದು ಗೊತ್ತಾಗುತ್ತದೆ. ಇನ್ನೊಂದು ಮನೆಯಲ್ಲಿ ಗಂಡ ಹೆಂಡತಿಯ ಪ್ರತಿಮೆಗಳು, ಇಬ್ಬರಿಗೂ ತಲೆಯಿಲ್ಲ. ಹೆಂಡತಿಯ ಹೆಸರು ಕ್ಲಿಯೋಪಾತ್ರ. ಈಜಿಪ್ಟಿನ ರಾಣಿಯಲ್ಲ, ಅಥೆನ್ಸಿನಿಂದ ಬಂದು ನೆಲೆಸಿದ ಗೃಹಿಣಿ. ಸಾಲಾಗಿ ಕೂತ ಸಿಂಹಗಳನ್ನು ನೋಡಿಯೇ ನೋಡುತ್ತೀರಿ. ಈಗ ಬಯಲಲ್ಲಿರುವುದು ನಕಲು, ಅಸಲಿಯನ್ನು ಗಾಳಿ ಮಳೆ ತಾಗದಂತೆ ಒಳಗಿಟ್ಟಿದ್ದಾರೆ. ಒಂದು ಸಿಂಹವಂತೂ ಎಂದೋ ವೆನಿಸ್ ಸೇರಿದೆ.

ಡೆಲೋಸ್‌ನಲ್ಲಿ ನೆರಳಿಲ್ಲ. ಮರವೇ ಇಲ್ಲ ಅಂದರೂ ತಪ್ಪಿಲ್ಲ. ಏಪ್ರಿಲ್‌ನ ಮಧ್ಯಾಹ್ನ ಹಂಪಿಯ ಬಂಡೆಗಳ ನಡುವೆ ಓಡಾಡಿದವರಿಗೆ ಈ ಬಿಸಿಲು ಗೊತ್ತು, ಇಲ್ಲಿ ಅದರ ಜೊತೆ ಟೋಪಿ ಹಾರಿಸುವ ಗಾಳಿ. ನೀರು ಮೈಕೊನೊಸ್‌ನಲ್ಲೇ ತೆಗೆದುಕೊಳ್ಳಿ. ಕಲ್ಲು ಏರುತಗ್ಗು, ಮಂಡಿನೋವಿನವರಿಗೆ ಕಷ್ಟ. ಗಾಳಿ ಜೋರಾದ ದಿನ ದೋಣಿಯೇ ಹೊರಡುವುದಿಲ್ಲ. ಇಷ್ಟೆಲ್ಲ ಹೇಳಿಯೂ ಮೊದಲ ಸ್ಥಾನ ಇದಕ್ಕೇ.

ಎರಡನೆಯದು ಅಕ್ರೋಟಿರಿ. ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ಬೂದಿಯಲ್ಲಿ ಹೂತುಹೋದ ಪಟ್ಟಣ. 1967ರಲ್ಲಿ ಗ್ರೀಕ್ ಪುರಾತತ್ವಜ್ಞ ಸ್ಪಿರಿಡಾನ್ ಮಾರಿನಾಟೋಸ್ ಇಲ್ಲಿ ಅಗೆಯಲು ಶುರು ಮಾಡಿದರು. ಈಗ ಇಡೀ ಜಾಗಕ್ಕೆ ಮಾಡು ಹೊದಿಸಿದ್ದಾರೆ, ಹಾಗಾಗಿ ಜುಲೈ ಮಧ್ಯಾಹ್ನದಲ್ಲೂ ನೆಮ್ಮದಿಯಾಗಿ ನೋಡಬಹುದು. ಓಡಾಡಲು ಸಮನಾದ ದಾರಿ ಇದೆ, ವಯಸ್ಸಾದವರಿಗೆ ಡೆಲೋಸ್‌ಗಿಂತ ಸಾವಿರ ಪಾಲು ಸುಲಭ. ಎರಡು ಮೂರು ಅಂತಸ್ತಿನ ಮನೆಗಳು, ಕಿಟಕಿಯ ಚೌಕಟ್ಟು, ಸಾಲಾಗಿ ಇಟ್ಟ ದೊಡ್ಡ ಮಡಕೆಗಳು. ಒಂದು ಮನೆಯ ಕಲ್ಲಿನ ಮೆಟ್ಟಿಲುಗಳನ್ನು ತಪ್ಪದೆ ನೋಡಿ. ಪ್ರತಿಯೊಂದು ಮೆಟ್ಟಿಲೂ ಸರಿಯಾಗಿ ನಡುವೆ ಮುರಿದಿದೆ. ಜ್ವಾಲಾಮುಖಿಗೂ ಮುಂಚೆ ಬಂದ ಭೂಕಂಪದ ಗುರುತು ಅದು. ಇಲ್ಲಿ ಮನುಷ್ಯರ ಅಸ್ಥಿಪಂಜರ ಸಿಕ್ಕಿಲ್ಲ, ಒಡವೆಗಳೂ ಹೆಚ್ಚೇನೂ ಸಿಕ್ಕಿಲ್ಲ. ಭೂಮಿ ನಡುಗಿದಾಗಲೇ ಬೇಕಾದ್ದು ಕಟ್ಟಿಕೊಂಡು ಜನ ಹೊರಟಿರಬೇಕು.

ಒಂದು ಮಾತು. ಇಲ್ಲಿನ ಗೋಡೆಚಿತ್ರಗಳು ಇಲ್ಲಿಲ್ಲ. ಕೆಲವು ಫಿರಾದ ಮ್ಯೂಸಿಯಂನಲ್ಲಿವೆ, ನೀಲಿ ಕೋತಿಗಳು ಅಲ್ಲೇ. ಮುಷ್ಟಿಕಾಳಗದ ಹುಡುಗರು, ಹೂವು ಮತ್ತು ಬಾನಾಡಿಗಳ ವಸಂತದ ಚಿತ್ರ ಅಥೆನ್ಸಿನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿವೆ. ಅಥೆನ್ಸಿನಲ್ಲಿ ಮೊದಲು ಅವನ್ನು ನೋಡಿ ಆಮೇಲೆ ಅಕ್ರೋಟಿರಿಗೆ ಹೋದರೆ ಬರೀ ಗೋಡೆಗಳಿಗೆ ಜೀವ ಬರುತ್ತದೆ.

ಕ್ನೊಸೊಸ್ ಬಗ್ಗೆ ಜನರಲ್ಲಿ ಎರಡು ಪಂಗಡ. 1900ರಲ್ಲಿ ಇಂಗ್ಲೆಂಡಿನ ಪುರಾತತ್ವಜ್ಞ ಆರ್ಥರ್ ಇವಾನ್ಸ್ ಅಗೆಯಲು ಶುರು ಮಾಡಿ, ಸಿಕ್ಕಿದ್ದರ ಮೇಲೆ ಕಾಂಕ್ರೀಟಿನಲ್ಲಿ ತನ್ನ ಊಹೆಯ ಅರಮನೆಯನ್ನೇ ಕಟ್ಟಿಬಿಟ್ಟರು. ಮೇಲೆ ದಪ್ಪ, ಕೆಳಗೆ ಸಪೂರವಾದ ಆ ಕೆಂಪು ಕಂಬಗಳು ಇಪ್ಪತ್ತನೇ ಶತಮಾನದವು. ಪುರಾತತ್ವದವರಿಗೆ ಇದು ಕೋಪ ಬರಿಸುತ್ತದೆ. ಮಕ್ಕಳ ಜೊತೆ ಹೋಗುವವರಿಗೆ ಇದೇ ವರ, ಏಕೆಂದರೆ ಅರಮನೆ ಹೇಗಿತ್ತು ಅಂತ ಕಣ್ಣಿಗೆ ಕಾಣುತ್ತದೆ. ಹೊತ್ತು ಕಡಿಮೆಯಿದ್ದರೆ ಕ್ನೊಸೊಸ್ ಬಿಟ್ಟು ಹೆರಾಕ್ಲಿಯಾನ್ ಮ್ಯೂಸಿಯಂಗೆ ಹೋಗಿ ಅನ್ನುವುದು ನನ್ನ ಸಲಹೆ. ಇನ್ನೂ ಓದಲಾಗದ ಲಿಪಿಯ ಫೈಸ್ಟೋಸ್ ತಟ್ಟೆ, ಹಾವು ಹಿಡಿದ ದೇವಿ, ಗೂಳಿಯ ಬೆನ್ನ ಮೇಲೆ ಲಾಗ ಹಾಕುವವನ ಚಿತ್ರ ಎಲ್ಲವೂ ಅಲ್ಲಿವೆ, ಒಳಗೆ ತಂಪಾಗಿಯೂ ಇರುತ್ತದೆ.

ಎಫೆಸಸ್ ಈಗಿರುವುದು ಟರ್ಕಿಯಲ್ಲಿ, ಕಟ್ಟಿದವರು ಗ್ರೀಕರು, ಇಂದು ಕಾಣುವುದು ಬಹುಪಾಲು ರೋಮನ್ ಕಾಲದ್ದು. ಎತ್ತರದ ಗೇಟಿನಿಂದ ಒಳಹೊಕ್ಕು ಇಳಿಜಾರಿನಲ್ಲಿ ಬಂದರೆ ಸೆಲ್ಸಸ್ ಗ್ರಂಥಾಲಯದ ಮುಂಭಾಗ ಎದುರಾಗುತ್ತದೆ. ಕೆಳಗಿನಿಂದ ಹತ್ತಿದರೆ ದಣಿವೇ ಮೊದಲು. ದೊಡ್ಡದು, ಭವ್ಯ, ಜನಜಂಗುಳಿ. ಮನೆಗಳ ಒಳಗೋಡೆಗಳ ಬಣ್ಣ ಉಳಿದಿರುವ ಟೆರೇಸ್ ಮನೆಗಳ ಭಾಗವನ್ನು ಹೆಚ್ಚಿನವರು ಬಿಟ್ಟು ಹೋಗುತ್ತಾರೆ. ಬಿಡಬೇಡಿ.

ಒಲಿಂಪಿಯಾ ಸಮತಟ್ಟು, ಮರಗಳ ನೆರಳು ಬೇಕಾದಷ್ಟು. ಹಳೇ ಕ್ರೀಡಾಂಗಣದಲ್ಲಿ ಓಟಗಾರರು ಕಾಲಿಡುತ್ತಿದ್ದ ಕಲ್ಲಿನ ಗೆರೆ ಇನ್ನೂ ಇದೆ. ಅಲ್ಲಿಂದ ಓಡದೆ ಬಂದ ಭಾರತೀಯ ಕುಟುಂಬ ಇರಲಿಕ್ಕಿಲ್ಲ. ಎಪಿಡಾರಸ್‌ನ ರಂಗಮಂದಿರದಲ್ಲಿ ನಡುವೆ ನಿಂತು ಪಿಸುಗುಟ್ಟಿದರೂ ಮೇಲಿನ ಸಾಲಿಗೆ ಕೇಳುತ್ತದೆ ಅನ್ನುತ್ತಾರೆ. ಇನ್ನೂರು ಮಂದಿ ಒಟ್ಟಿಗೆ ಚಪ್ಪಾಳೆ ತಟ್ಟಿ ಪರೀಕ್ಷೆ ಮಾಡುತ್ತಿರುವಾಗ ಏನೂ ಕೇಳಿಸುವುದಿಲ್ಲ, ಅದು ಬೇರೆ ಮಾತು.

ಅಥೆನ್ಸಿನ ಬೆಟ್ಟದ ಮೇಲೆ ಹಳೇ ಗುಡಿಗಳಿರುವ ಅಕ್ರೊಪೊಲಿಸ್ ಅನ್ನು ಕ್ರೂಸ್ ದಿನಕ್ಕೆ ಜೋಡಿಸಬೇಡಿ. ಹಡಗು ಹತ್ತುವ ಮುನ್ನ ಅಥೆನ್ಸಿನಲ್ಲಿ ಎರಡು ರಾತ್ರಿಯಾದರೂ ಇರಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ ಅನ್ನುವುದು ಒಂದು ಕಾರಣ. ಇನ್ನೊಂದು, ಈಗ ಅಕ್ರೊಪೊಲಿಸ್‌ಗೆ ಗಂಟೆಯ ಲೆಕ್ಕದಲ್ಲಿ ಟಿಕೆಟ್. ದಿನಕ್ಕೆ 20,000 ಮಂದಿಗೆ ಮಿತಿ, 2025ರಿಂದ ಟಿಕೆಟ್ 30 ಯೂರೋ. ಬೆಳಿಗ್ಗೆ ಎಂಟರ ಟಿಕೆಟ್ ತೆಗೆದುಕೊಳ್ಳಿ. ಬೇಸಿಗೆಯ ತೀರಾ ಬಿಸಿಲಿನ ದಿನಗಳಲ್ಲಿ ಮಧ್ಯಾಹ್ನ ಮುಚ್ಚಿಬಿಡುವುದೂ ಉಂಟು. ಅಲ್ಲಿನ ಅಮೃತಶಿಲೆ ಸವೆದು ಗಾಜಿನಷ್ಟು ನುಣ್ಣಗಾಗಿದೆ, ಹಿಡಿತವಿರುವ ಶೂ ಬೇಕು. ನಡೆಯಲಾಗದವರಿಗೆ ಲಿಫ್ಟ್ ಇದೆ.

ದ್ವೀಪದ ಊರುಗಳು

ಇವುಗಳಲ್ಲಿ ಆರಿಸುವುದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ರೋಡ್ಸ್ ಎಲ್ಲಕ್ಕಿಂತ ಸುಲಭ. ಹಡಗಿನಿಂದ ಇಳಿದು ಸ್ವಲ್ಪ ನಡೆದರೆ ಕೋಟೆಯ ಬಾಗಿಲು. 1309ರಿಂದ 1522ರವರೆಗೆ ಇಲ್ಲಿ ಆಳಿದ ಸಂತ ಜಾನ್ ಪಂಥದ ಯೋಧರ ಬೀದಿ ಇನ್ನೂ ಹಾಗೇ ಇದೆ. ಟ್ಯಾಕ್ಸಿ ಬೇಡ, ಟೂರ್ ಬೇಡ, ಕೋಟೆಯ ಒಳಗೆ ದಾರಿ ತಪ್ಪಿದರೂ ಸುಖವೇ. ಲಿಂಡೋಸ್‌ಗೆ ಹೋಗಬೇಕೆಂದರೆ ಮಾತ್ರ 50 ಕಿ.ಮೀ., ಅದಕ್ಕೆ ಅರ್ಧ ದಿನ ಎತ್ತಿಡಿ. ನೀಲಿ ಸಮುದ್ರದ ಮೇಲೆ ಬಂಡೆಯ ನೆತ್ತಿಯಲ್ಲಿ ಅಥೇನಾಳ ಗುಡಿ ಇದೆ.

ಸ್ಯಾಂಟೊರಿನಿಯ ನೋಟ ಫೋಟೋದಲ್ಲಿ ಇದ್ದಂತೆಯೇ ಇದೆ, ಸುಳ್ಳಲ್ಲ. ಆದರೆ ಇಯಾ ಊರಿನಲ್ಲಿ ಸೂರ್ಯಾಸ್ತದ ಹೊತ್ತಿಗೆ ನಿಲ್ಲಲು ಜಾಗ ಸಿಗುವುದಿಲ್ಲ. ಫಿರಾದಿಂದ ಸ್ವಲ್ಪ ಮೇಲಕ್ಕೆ ನಡೆದು ಇಮೆರೊವಿಗ್ಲಿ ಕಡೆ ಹೋದರೆ ಅದೇ ಸೂರ್ಯ, ಅದೇ ಸಮುದ್ರ, ನೂಕುನುಗ್ಗಲು ಕಡಿಮೆ. ಮೈಕೊನೊಸ್ ಊರು ಬಿಳಿ ಓಣಿಗಳ ಜಾಲ, ಅಡ್ಡಾಡಲು ಚೆಂದ, ಕೊಳ್ಳಲು ದುಬಾರಿ. ಪಾಟ್ಮೋಸ್ ಶಾಂತ. 1088ರಲ್ಲಿ ಕಟ್ಟಲು ಶುರುವಾದ ಮಠ ಬೆಟ್ಟದ ಮೇಲೆ ಕೋಟೆಯಂತೆ ಕೂತಿದೆ, ಭುಜ ಮಂಡಿ ಮುಚ್ಚುವ ಬಟ್ಟೆ ಇರಲಿ.

ಹಡಗಿನವರ ಟೂರೋ, ಸ್ವಂತವೋ?

ಹಡಗಿನವರ ಟೂರ್ ದುಬಾರಿ. ಅದಕ್ಕೆ ಒಂದೇ ಒಂದು ದೊಡ್ಡ ಗುಣ: ಆ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನಿಮ್ಮ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಹಾಗಂತ ಎಲ್ಲ ಕಡೆ ಅದನ್ನೇ ಕೊಳ್ಳುವುದು ದಂಡ. ಪಿರೇಯಸ್‌ನಿಂದ ಅಥೆನ್ಸಿಗೆ ಮೆಟ್ರೊ ಇದೆ, ಹಸಿರು ಗೆರೆಯ ರೈಲು ಹತ್ತಿ ಮೊನಾಸ್ಟಿರಾಕಿಯಲ್ಲಿ ಇಳಿದರೆ ಅಕ್ರೊಪೊಲಿಸ್ ಕಣ್ಣೆದುರಿಗೇ. ಹೆರಾಕ್ಲಿಯಾನ್‌ನಲ್ಲಿ ಊರೊಳಗಿನಿಂದ ಕ್ನೊಸೊಸ್‌ಗೆ ಸಿಟಿ ಬಸ್ ಇದೆ, ಐದಾರು ಕಿ.ಮೀ. ಅಷ್ಟೇ. ರೋಡ್ಸ್‌ಗೆ ಟೂರ್ ಬೇಡವೇ ಬೇಡ. ಡೆಲೋಸ್‌ಗೆ ದೋಣಿಯ ಟಿಕೆಟ್ ನೀವೇ ತೆಗೆದುಕೊಳ್ಳಬಹುದು, ಆದರೆ ವಾಪಸು ಬರುವ ದೋಣಿಯ ಹೊತ್ತು ನೋಡಿಕೊಂಡೇ ಹೊರಡಿ.

ದುಡ್ಡು ಕೊಡಬಹುದಾದ ಕಡೆಗಳು ಮೂರು. ಎಫೆಸಸ್, ಅಲ್ಲಿ ಒಳ್ಳೆಯ ಗೈಡ್ ಇಲ್ಲದಿದ್ದರೆ ಬರೀ ಕಲ್ಲು. ಒಲಿಂಪಿಯಾ, ಕಟಾಕೊಲೊದಿಂದ ಸುಮಾರು 40 ಕಿ.ಮೀ. ಇರುವುದರಿಂದ. ಮತ್ತೆ ಸ್ಯಾಂಟೊರಿನಿ, ಇದು ಸ್ವಲ್ಪ ಬೇರೆ ಲೆಕ್ಕ. ಹಡಗಿನವರ ಟೂರ್ ತೆಗೆದುಕೊಂಡವರನ್ನು ಸಾಮಾನ್ಯವಾಗಿ ಅಥಿನಿಯೋಸ್ ಅನ್ನುವ ಬೇರೆ ಬಂದರಿಗೆ ಇಳಿಸಿ ಅಲ್ಲಿಂದಲೇ ಬಸ್ಸು ಹತ್ತಿಸುತ್ತಾರೆ. ಬೆಳಗಿನ ಕೇಬಲ್ ಕಾರ್ ಸಾಲು ತಪ್ಪುತ್ತದೆ. ಅಕ್ರೋಟಿರಿ ಇರುವ ಟೂರ್ ಆದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಬರೀ ಇಯಾ ಮತ್ತು ವೈನ್ ರುಚಿ ಅಂತಿದ್ದರೆ ಬೇಡ.

ಫೆರ್ರಿ ಹಿಡಿದರೆ?

ಕೈಯಲ್ಲಿ ಹತ್ತು ದಿನ ಇದ್ದು, ಜೊತೆಯಲ್ಲಿ ತೀರಾ ವಯಸ್ಸಾದವರು ಇಲ್ಲದಿದ್ದರೆ ನಾನು ಫೆರ್ರಿಯ ಪಕ್ಷ. ಪಿರೇಯಸ್‌ನಿಂದ ನಾಕ್ಸೋಸ್‌ಗೆ ದೊಡ್ಡ ಫೆರ್ರಿಯಲ್ಲಿ ಐದು ಗಂಟೆ ಆಸುಪಾಸು, ಸ್ಯಾಂಟೊರಿನಿಗೆ ಎಂಟು. ವೇಗದ ದೋಣಿಗಳೂ ಇವೆ, ಆದರೆ ಅವು ದುಬಾರಿ, ಅಲೆ ಎದ್ದರೆ ಹೊಟ್ಟೆ ತೊಳಸುತ್ತವೆ, ಮೊದಲು ರದ್ದಾಗುವುದೂ ಅವೇ. ಮೂರು ರಾತ್ರಿ ನಾಕ್ಸೋಸ್, ಎರಡು ರಾತ್ರಿ ಮೈಕೊನೊಸ್, ಎರಡು ರಾತ್ರಿ ಸ್ಯಾಂಟೊರಿನಿ ಮಾಡಿದರೆ ಡೆಲೋಸ್, ಅಕ್ರೋಟಿರಿ ಎರಡೂ ನಿಮ್ಮ ಹೊತ್ತಿಗೆ ಸಿಗುತ್ತವೆ. ನಾಕ್ಸೋಸ್ ಬಂದರಿನಲ್ಲೇ ಒಂದು ಕಲ್ಲಿನ ಬಾಗಿಲು ನಿಂತಿದೆ, ಕ್ರಿ.ಪೂ. ಆರನೇ ಶತಮಾನದಲ್ಲಿ ಶುರುವಾಗಿ ಮುಗಿಯದೇ ಉಳಿದ ಗುಡಿಯದು. ಟಿಕೆಟ್ಟೂ ಇಲ್ಲ, ಗೇಟೂ ಇಲ್ಲ.

ಕ್ರೂಸ್‌ನಲ್ಲಿ ಸಿಗದ ಇನ್ನೊಂದು ಅನುಕೂಲ ಇದರಲ್ಲಿದೆ. ಹಡಗಿನವರೆಲ್ಲ ವಾಪಸು ಹೋದ ಮೇಲೆ ಊರು ಊರಿನವರದಾಗುತ್ತದೆ. ಹೋಟೆಲಿನಲ್ಲಿ ಸಾವಧಾನವಾಗಿ ಮಾತಾಡಿಸುತ್ತಾರೆ. ಅದರ ಬದಲಿಗೆ ಸೂಟ್‌ಕೇಸ್ ನೀವೇ ಎಳೆಯಬೇಕು, ಮೆಟ್ಟಿಲು ನೀವೇ ಹತ್ತಿಸಬೇಕು, ಕೋಣೆ ನೀವೇ ಹುಡುಕಬೇಕು. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದಕ್ಕೆ ಕೈ ಹಾಕಬೇಡಿ. ಒಂದೇ ಕೋಣೆ, ಮೂರು ಹೊತ್ತು ಊಟ, ಹಡಗಲ್ಲೇ ಡಾಕ್ಟರ್ ಇರುವ ಏಳು ರಾತ್ರಿಯ ದೊಡ್ಡ ಹಡಗೇ ಅವರಿಗೆ ಸರಿ. ರೋಡ್ಸ್, ಕಟಾಕೊಲೊ, ಹೆರಾಕ್ಲಿಯಾನ್‌ನಂತೆ ಹಡಗು ದಡಕ್ಕೇ ತಾಗುವ ಬಂದರು ಜಾಸ್ತಿ ಇರುವ ಸುತ್ತು ನೋಡಿ.

ತಿಂಗಳು, ಊಟ, ಖರ್ಚು, ವೀಸಾ

ತಿಂಗಳ ಬಗ್ಗೆ ಹೆಚ್ಚು ಯೋಚನೆ ಬೇಡ: ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ. ಜುಲೈ–ಆಗಸ್ಟಿನಲ್ಲಿ ಬಿಸಿಲೂ ಜಾಸ್ತಿ, ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿಯೂ ಜಾಸ್ತಿ. ಆ ಗಾಳಿಗೆ ಸಣ್ಣ ದೋಣಿಗಳು ನಿಂತು, ಹಡಗು ಬಂದರನ್ನೇ ಬಿಟ್ಟು ಮುಂದೆ ಹೋಗುವುದುಂಟು. ನಮ್ಮಲ್ಲಿ ಶಾಲೆ ರಜೆ ಏಪ್ರಿಲ್–ಮೇ ಆದ್ದರಿಂದ ಮಕ್ಕಳಿರುವವರಿಗೆ ಮೇ ಚೆನ್ನಾಗಿ ಹೊಂದುತ್ತದೆ.

ಸಸ್ಯಾಹಾರಿಗಳಿಗೆ ಗ್ರೀಸ್ ಯುರೋಪಿನಲ್ಲೇ ಸುಲಭದ ದೇಶ. ಅಕ್ಕಿ ತುಂಬಿಸಿ ಬೇಯಿಸಿದ ಟೊಮೆಟೊ ಮತ್ತು ದೊಣ್ಣೆಮೆಣಸಿನಕಾಯಿ, ದೊಡ್ಡ ಬಿಳಿ ಅವರೆಯಂಥ ಕಾಳಿನ ಪಲ್ಯ, ಪಾಲಕ್ ಸೊಪ್ಪಿನ ಪಫ್, ಸ್ಯಾಂಟೊರಿನಿಯಲ್ಲಿ ಹಳದಿ ಬೇಳೆಯ ಫಾವಾ. ಅಕ್ಕಿ ತುಂಬಿಸಿದ್ದರಲ್ಲಿ ಕೊಚ್ಚಿದ ಮಾಂಸ ಸೇರಿಸುವವರೂ ಇದ್ದಾರೆ, ಕೇಳಿಯೇ ತಿನ್ನಿ. ಹಡಗಿನಲ್ಲಿ ಭಾರತೀಯ ಸಸ್ಯಾಹಾರ ಬೇಕೆಂದರೆ ಬುಕ್ ಮಾಡುವಾಗಲೇ ಬರೆಸಿ, ಹತ್ತಿದ ಮೇಲೆ ಹೇಳಿದರೆ ಪಾಸ್ತಾ ಗತಿ.

ಖರ್ಚು ಹೋಲಿಸುವಾಗ ಜಾಹೀರಾತಿನ ದರವನ್ನು ಪಕ್ಕಕ್ಕಿಟ್ಟು ಒಟ್ಟು ಕೇಳಿ. ಬಂದರು ತೆರಿಗೆ, ಸಿಬ್ಬಂದಿಗೆ ಟಿಪ್ಸ್, ಪಾನೀಯ, ವೈಫೈ, ಟೂರ್ ಎಲ್ಲವೂ ಬೇರೆ ಬೇರೆ ಇರಬಹುದು. 2025ರ ಜುಲೈಯಿಂದ ಗ್ರೀಸ್ ಕ್ರೂಸ್ ಪ್ರಯಾಣಿಕರ ಮೇಲೆ ಹೊಸ ಶುಲ್ಕವನ್ನೂ ಹಾಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಯಾಂಟೊರಿನಿ, ಮೈಕೊನೊಸ್‌ನಲ್ಲಿ ಇಳಿಯಲು ತಲೆಗೆ 20 ಯೂರೋ, ಉಳಿದ ಬಂದರುಗಳಲ್ಲಿ 5 ಯೂರೋ. ನಾಲ್ಕು ಜನರ ಕುಟುಂಬಕ್ಕೆ ಆ ಎರಡು ದ್ವೀಪಗಳಿಗೇ 160 ಯೂರೋ. ದರದಲ್ಲಿ ಇದು ಸೇರಿದೆಯೇ ಅಂತ ಕೇಳಿಕೊಳ್ಳಿ.

ವೀಸಾ ವಿಷಯದಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರು ಎಡವುವುದು ಕುಶಾದಸಿಯಲ್ಲಿ. ಗ್ರೀಸಿಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ) ಸಾಕು, ಆದರೆ ಹಡಗು ಟರ್ಕಿಗೆ ಹೋಗಿ ಬಂದರೆ ನೀವು ಷೆಂಗೆನ್ ಗಡಿ ದಾಟಿ ಮತ್ತೆ ಒಳಬಂದಂತೆ. ಒಂದೇ ಸಲ ಪ್ರವೇಶದ ವೀಸಾ ಇದ್ದರೆ ಹಡಗು ಹತ್ತುವಾಗಲೇ ತಡೆಯಬಹುದು. ಅರ್ಜಿ ಹಾಕುವಾಗಲೇ ಮಲ್ಟಿಪಲ್ ಎಂಟ್ರಿ ಕೇಳಿ, ಕ್ರೂಸ್‌ನ ಪೂರ್ತಿ ದಾರಿಯನ್ನು ಅದರ ಜೊತೆ ಲಗತ್ತಿಸಿ. ಷೆಂಗೆನ್ ವೀಸಾ ಕೈಗೆ ಬಂದ ಮೇಲೆ ಅದರ ಆಧಾರದ ಮೇಲೆ ಟರ್ಕಿಯ ಇ-ವೀಸಾಕ್ಕೆ ಆನ್‌ಲೈನಲ್ಲೇ ಅರ್ಜಿ ಹಾಕಬಹುದು. ಹಡಗಿನಿಂದ ಒಂದು ದಿನಕ್ಕೆ ಇಳಿಯುವವರಿಗೆ ಅದು ಬೇಕೋ ಬೇಡವೋ ಅನ್ನುವುದನ್ನು ಕಂಪನಿಯಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ, ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ. ಮಲ್ಟಿಪಲ್ ಎಂಟ್ರಿ ಸಿಗಲೇ ಇಲ್ಲವೆಂದರೆ ಗ್ರೀಸಿನ ಬಂದರುಗಳಷ್ಟೇ ಇರುವ ಸುತ್ತಿಗೆ ಬದಲಾಯಿಸಿ, ಇಲ್ಲವೇ ಫೆರ್ರಿ ಹಿಡಿಯಿರಿ. ಅದಕ್ಕೇ ವೀಸಾ ಬರುವ ತನಕ ರದ್ದು ಮಾಡಿದರೆ ದುಡ್ಡು ವಾಪಸು ಬರುವಂಥ ದರದಲ್ಲೇ ಬುಕ್ ಮಾಡುವುದು ಒಳ್ಳೆಯದು.